ಇರುಳ ಹಗ್ಗ ಹಿಡಿದವನು

ನನ್ನ ತಮ್ಮ ಯಮನೂರ ಮೊದಲ ಸಲ ಹಗ್ಗಕ್ಕೆ ಕೈ ಹಚ್ಚಿದಾಗ ಊರೆಲ್ಲ ನಕ್ಕಿತ್ತು. ಆಗಷ್ಟೇ ಮೀಸೆ ಮೂಡಿದ ಹುಡುಗ, ಜೋಳದ ದಂಟಿನಂಥ ತೋಳು. "ಲೇ ಯಮನೂರ್ಯಾ, ಹಗ್ಗ ನೀ ಎಳೀತೀಯೋ, ಹಗ್ಗ ನಿನ್ನ ಎಳೀತೈತೋ?" ಎಂದು ಗದಿಗೆಪ್ಪ ಕೂಗಿದ್ದ. ಯಮನೂರನೂ ನಕ್ಕಿದ್ದ. ಈಗ ಅವನ ಎದುರು ನಗುವ ಮೊದಲು ಜನ ಅವನ ಮುಖ ನೋಡುತ್ತಾರೆ.

ನಮ್ಮದು ಕಲ್ಲಿನ ಊರು. ಎರಡು ಗುಡ್ಡಗಳ ನಡುವೆ ಆಳವಾದ ಗಣಿ, ಗಣಿಯ ಸುತ್ತ ಮನೆಗಳು. ಒಂದು ದಿನ ಸೂರ್ಯ ಪಡುವಣ ಗುಡ್ಡದ ಮೇಲೆ ಬಂದು ನಿಂತವನು ಮತ್ತೆ ಕದಲಲಿಲ್ಲ. ಗುಡ್ಡದಾಚೆಯ ಊರುಗಳಿಂದ ಮೊದಲು ಹೊಗೆ ಬಂತು, ಆಮೇಲೆ ವಾಸನೆ ಬಂತು, ಆಮೇಲೆ ಏನೂ ಬರಲಿಲ್ಲ. ಮೊಬೈಲುಗಳು ಮುಖ ನೋಡಿಕೊಳ್ಳುವ ಕನ್ನಡಿಗಳಾದವು. ಗಣಿಯ ತಳದಲ್ಲಿ ಕಲ್ಲು ಒಡೆಯುತ್ತಿದ್ದವರು ಉಳಿದೆವು. ಮೇಲಿದ್ದವರು ಉಳಿಯಲಿಲ್ಲ. ನನ್ನ ಅವ್ವ ನಮಗೆ ನೀರು ತರಲೆಂದು ಆಗಷ್ಟೇ ಮೇಲೆ ಹತ್ತಿದ್ದಳು. ಅವಳ ಉಳಿ, ಸುತ್ತಿಗೆ ನಮ್ಮ ಕಾಲ ಬಳಿಯೇ ಬಿದ್ದಿದ್ದವು.

ನಾವು ಗಣಿಯಿಂದ ಹತ್ತಿ ಬಂದಾಗ ಮೂಡಣ ಗುಡ್ಡದ ನೆತ್ತಿಯಿಂದ ಒಂದು ಹಗ್ಗ ಇಳಿದು ಊರ ನಡುವಿನ ಬಯಲಿಗೆ ಬಿದ್ದಿತ್ತು. ತೊಡೆಯಷ್ಟು ದಪ್ಪ, ಮುಟ್ಟಿದರೆ ಹೊಸ ಮಡಕೆಯ ತಂಪು. ಎಳೆದೆವು. ಗುಡ್ಡದ ಆಚೆಯಿಂದ ಕತ್ತಲು ಬಂತು, ಮದುವೆ ಚಪ್ಪರಕ್ಕೆ ತಾಡಪಾಲು ಎಳೆದ ಹಾಗೆ ಮೊದಲು ಮೂಡಣದ ಮನೆಗಳ ಮೇಲೆ, ಆಮೇಲೆ ಗಣಿಯ ಮೇಲೆ, ಆಮೇಲೆ ಎಲ್ಲರ ಮೇಲೆ. ಅದರೊಳಗೆ ಚುಕ್ಕಿಗಳೂ ಇದ್ದವು. ನಾವು ಅಳುತ್ತ ನಿಂತಲ್ಲೇ ಮಲಗಿಬಿಟ್ಟೆವು. ಹಗ್ಗ ಜಾರಿತು, ಕತ್ತಲು ಬಂದ ಹಾಗೆಯೇ ಹಿಂದಕ್ಕೆ ಹೋಯಿತು, ಬಿಸಿಲಿಗೆ ಬೆನ್ನ ಚರ್ಮ ಸುಲಿಯಿತು.

ಹೀಗೆ ನಮಗೆ ತಿಳಿಯಿತು: ಇರುಳು ಬೇಕಾದರೆ ಯಾರಾದರೂ ಹಿಡಿದುಕೊಂಡೇ ಇರಬೇಕು. ಕಂಬಕ್ಕೆ ಕಟ್ಟಿ ನೋಡಿದೆವು, ಬಂಡೆ ಹೇರಿ ನೋಡಿದೆವು, ಉಳಿದಿದ್ದ ಒಂದೇ ಎತ್ತಿನ ಕೊರಳಿಗೂ ಬಿಗಿದು ನೋಡಿದೆವು. ಎಚ್ಚರವಿದ್ದ ಮನುಷ್ಯರ ಅಂಗೈ ಬಿಟ್ಟರೆ ಬೇರೆ ಯಾವುದಕ್ಕೂ ಅದು ನಿಲ್ಲುತ್ತಿರಲಿಲ್ಲ. ಬೆಳಕಿನ ಹೊತ್ತನ್ನು ಹೇಗೋ ಚಾದರ ಹೊದ್ದು ನೆರಳಿಂದ ನೆರಳಿಗೆ ಓಡಾಡಿ ಕಳೆಯುತ್ತಿದ್ದೆವು. ಹನ್ನೆರಡು ಜನ ಹಿಡಿದರೆ ಉಳಿದವರು ಮಲಗಬಹುದು. ಹಾಗಾಗಿ ಪಾಳಿ ಹಚ್ಚಿದೆವು. ಪಾಳಿ ಕೂಗುವ ಕೆಲಸ ಸೋಮಲಿಂಗ ಮುತ್ಯಾನದು. ಅವನು ಮನೆಬಾಗಿಲಿಗೆ ಬಂದು ಹೆಸರು ಕೂಗುತ್ತಿರಲಿಲ್ಲ, "ಕೈ ತೋರ್ಸ್ರಿ" ಎನ್ನುತ್ತಿದ್ದ. ಅಂಗೈ ಚಾಚಬೇಕು. ಬೆರಳ ಬುಡದ ಜಡ್ಡನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿ ಮುಂದಿನ ಮನೆಗೆ ಹೋಗುತ್ತಿದ್ದ. ಹೆಣ್ಣು ನೋಡಲು ಬಂದವರೂ ಮುಖಕ್ಕಿಂತ ಮೊದಲು ಅಂಗೈ ನೋಡುವ ಪದ್ಧತಿ ಆಗಲೇ ಬಂದದ್ದು. ಇನ್ನೊಂದು ಕಟ್ಟಳೆಯೂ ಬಂತು. ಕತ್ತಲಿದ್ದಾಗ ಯಾರೂ ಸದ್ದು ಮಾಡಬಾರದು. ಹನ್ನೆರಡು ಜನರ ಅಂಗೈ ಸುಲಿದು ಬಂದ ನಿದ್ದೆ ಅದು. ಅದನ್ನು ಕೆಡಿಸುವುದು ಅನ್ನಕ್ಕೆ ಉಗುಳಿದಷ್ಟೇ ಕೆಟ್ಟದ್ದು. ಕಲ್ಲು ಒಡೆಯುವುದಂತೂ ಎಂದೋ ನಿಂತಿತ್ತು. ಯಾರಿಗೆ ಮನೆ ಕಟ್ಟಬೇಕಿತ್ತು?

ಯಮನೂರನಿಗೆ ಸೂರ್ಯ ನಿಂತ ದಿನದಿಂದ ನಿದ್ದೆ ಬಂದಿರಲಿಲ್ಲ. ಮೊದಲು ಎಲ್ಲರಿಗೂ ಹಾಗೇ ಅಂದುಕೊಂಡೆ. ಕತ್ತಲು ಎಳೆದಾಗ ಊರೆಲ್ಲ ಗೊರಕೆ ಹೊಡೆಯುತ್ತಿದ್ದರೆ ಇವನು ನನ್ನ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದ.

"ಯಕ್ಕಾ," ಎಂದು ಪಿಸುಗುಟ್ಟುತ್ತಿದ್ದ, "ಅವ್ವನ ಮಾರಿ ಹೆಂಗಿತ್ತು?"

"ಮರ್ತಿಯೇನೋ?"

"ಸೆರಗು ನೆಪ್ಪೈತಿ. ಕೈ ನೆಪ್ಪೈತಿ. ಮಾರಿ ಬರವಲ್ದು. ಒಮ್ಮೆ ಕನಸಿನ್ಯಾಗರ ಬರ್ತಾಳ, ನಿದ್ದಿ ಹತ್ತಿದ್ರ."

ನಾನು ಹೇಳುತ್ತಿದ್ದೆ: ಅಗಲ ಹಣೆ, ಎಡಗಣ್ಣಿನ ಕೆಳಗೆ ಕಲ್ಲಿನ ಚಕ್ಕೆ ಸಿಡಿದ ಕಲೆ. ಅವನು ಕೇಳಿಸಿಕೊಂಡು, "ಅದು ನಿನ್ನ ಅವ್ವ ಆತು," ಎನ್ನುತ್ತಿದ್ದ.

ನಿದ್ದೆ ಬಾರದವನು ಸುಮ್ಮನೆ ಬಿದ್ದಿರುವುದಕ್ಕಿಂತ ಹಗ್ಗ ಹಿಡಿಯುವುದು ಲೇಸು ಎಂದು ಅವನಿಗೇ ಅನ್ನಿಸಿತು. ನಮ್ಮ ಪಕ್ಕದ ಮನೆಯ ಪಾರವ್ವ ಆಗ ತುಂಬು ಬಸುರಿ. ಗಂಡ ಗಣಿಯ ಮೇಲೆ ಸತ್ತವರಲ್ಲಿ ಒಬ್ಬ. ಅವಳ ಪಾಳಿ ಬಂದಾಗ ಯಮನೂರ ಎದ್ದು ಹೋದ. "ನೀ ಮಲಕೊ ಪಾರಕ್ಕಾ. ನನಗ ಹೆಂಗೂ ಎಚ್ಚರಿಕಿ ಐತಿ." ಅವಳು ಅವನ ಕೈ ಹಿಡಿದು ಅತ್ತಳು. ಮರುದಿನ ಕೆಮ್ಮಿನ ಮುದುಕನೊಬ್ಬನ ಪಾಳಿಯನ್ನೂ ಅವನೇ ಹಿಡಿದ. ಆಮೇಲೆ ಕಾಲು ಉಳುಕಿದವನದು, ಆಮೇಲೆ ಹೊಸದಾಗಿ ಮದುವೆಯಾದವರದು. ಆಮೇಲೆ ಕಾರಣ ಹೇಳುವುದನ್ನೂ ಜನ ಬಿಟ್ಟರು. ಮುತ್ಯಾ ಕೈ ನೋಡಲು ಬಂದರೆ ಬಾಗಿಲ ಸಂದಿಯಿಂದಲೇ, "ನಮ್ದು ಯಮನೂರ ಹಿಡೀತಾನ" ಎನ್ನುತ್ತಿದ್ದರು.

ಹಗ್ಗಕ್ಕೂ ಅವನ ಕೈ ರೂಢಿಯಾಯಿತು. ಹನ್ನೆರಡು ಜನ ಬೇಕಿದ್ದಲ್ಲಿ ಎಂಟು ಜನ ಸಾಕಾಯಿತು, ನಾಲ್ಕು ಜನ ಸಾಕಾಯಿತು. ಒಂದು ದಿನ ಬಯಲಿನಲ್ಲಿ ಅವನೊಬ್ಬನೇ ಕೂತಿದ್ದ, ಹಗ್ಗವನ್ನು ಮಡಿಲಲ್ಲಿ ಹಾಕಿಕೊಂಡು, ಒಂದೇ ಕೈಯಲ್ಲಿ ಅದರ ಮೂತಿ ಹಿಡಿದುಕೊಂಡು. ತಲೆಯ ಮೇಲೆ ಇಡೀ ಇರುಳು ಅಲುಗಾಡದೆ ನಿಂತಿತ್ತು.

ಮುತ್ಯಾನಿಗೆ ಮಾತ್ರ ಇದು ಸರಿಬರಲಿಲ್ಲ. "ಕೈ ಮೆತ್ತಗ ಆಗ್ಯಾವ್ರೋ ನಿಮ್ಮವು," ಎಂದು ಓಣಿ ಓಣಿಯಲ್ಲಿ ಬೈದಾಡಿದ. "ನಾಳೆ ಆ ಹುಡುಗ ಜ್ವರ ಬಂದು ಬಿದ್ರ ಏನ್ ಮಾಡ್ತೀರಿ?"

"ಅವಗ ಜ್ವರ ಬರೂದಿಲ್ಲ ಬಿಡೋ ಮುತ್ಯಾ," ಎಂದ ಗದಿಗೆಪ್ಪ, ಕಟ್ಟೆಯ ಮೇಲೆ ಮೈ ಚಾಚಿಕೊಂಡು. "ಅವ ಮನಿಷ್ಯಾ ಅಲ್ಲ, ಗೂಟ. ಗೂಟಕ್ಕ ಎಲ್ಲೆರ ಜ್ವರ ಬರ್ತೈತಿ?"

ಎಲ್ಲರೂ ನಕ್ಕರು. ನಾನು ತಮ್ಮನಿಗೆ ಗಂಜಿ ಒಯ್ಯುತ್ತಿದ್ದೆ. ಅವನಿಗೂ ಕೇಳಿಸಿತು. ಈ ಸಲ ಅವನು ನಗಲಿಲ್ಲ.

ಹಗ್ಗ ಹಿಡಿದು ಕೂತವನಿಗೆ ಇಡೀ ಊರು ಮಲಗಿದ್ದು ಕೇಳಿಸುತ್ತದೆ. ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಯಾರು ಯಾರ ಹೆಸರು ಕನವರಿಸುತ್ತಾರೆ, ಎಲ್ಲವೂ. ಮೊದಮೊದಲು ಅವನು ಜನರನ್ನು ಕರೆಯುತ್ತಿದ್ದ. "ಯಾರರ ಒಬ್ರು ಬಂದು ಮಾತಾಡ್ಕೋತ ಕುಂದರ್ರಿ. ಬ್ಯಾಸರಾಕ್ಕೈತಿ." ಹೂಂ ಎಂದವರು ಬರಲಿಲ್ಲ. ಬಂದವರು ತೂಕಡಿಸಿದರು. ನಾನೂ ಹೋಗಿ ಕೂರುತ್ತಿದ್ದೆ. ಆದರೆ ಕತ್ತಲು ಬಹಳ ಸಿಹಿಯಾಗಿತ್ತು, ಯಾವಾಗ ಅವನ ಹೆಗಲಿಗೆ ಒರಗಿ ನಿದ್ದೆಹೋದೆನೋ ನನಗೇ ತಿಳಿಯುತ್ತಿರಲಿಲ್ಲ. ಒಮ್ಮೆ ಎಚ್ಚರಾದಾಗ ಅವನು ಹೇಳಿದ: "ಅವ್ವ ನಿನ್ನ ಕನಸಿನ್ಯಾಗ ಬಂದಿದ್ಲು. ಅವ್ವಾ ಅವ್ವಾ ಅಂತಿದ್ದಿ." ಅವನ ದನಿಯಲ್ಲಿ ಏನೋ ಇತ್ತು. ಮನೆ ಕಳವಾದವನ ದನಿ, ಕಳ್ಳನನ್ನು ಕಣ್ಣಾರೆ ಕಂಡವನ ದನಿ.

ಗದಿಗೆಪ್ಪ ಗೂಟ ಎಂದ ಕೆಲವು ದಿನಗಳ ಮೇಲೆ ಕತ್ತಲು ಸರಿದುಬಿಟ್ಟಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಅಂಗಳದಲ್ಲಿ ಮಲಗಿದ್ದವರೆಲ್ಲ ಬಿಸಿಲಿನ ಪೆಟ್ಟು ತಾಗಿ ಕಿರುಚಿಕೊಂಡು ಎದ್ದರು. ಮರುಕ್ಷಣ ಇರುಳು ಮತ್ತೆ ತನ್ನ ಜಾಗಕ್ಕೆ ಬಂತು. ಬೆಳಕಾದ ಮೇಲೆ ಹೋಗಿ ಕೇಳಿದರೆ ಯಮನೂರ, "ಅಂಗೈ ಬೆವತಿತ್ತು" ಎಂದ. ಗದಿಗೆಪ್ಪನ ಮುಖದ ಅರ್ಧ ಬೊಬ್ಬೆ ಎದ್ದಿತ್ತು. ಅವನು ಆ ದಿನವೇ ಬೆಲ್ಲದ ನೀರು ಹಿಡಿದುಕೊಂಡು ಬಯಲಿಗೆ ಬಂದ. "ತಗೋರಿ ಯಮನೂರಪ್ಪ," ಎಂದ. ರೀ ಎಂದದ್ದನ್ನು ಕೇಳಿ ನನ್ನ ತಮ್ಮ ತಲೆ ಎತ್ತಿ ಬಹಳ ಹೊತ್ತು ಅವನನ್ನೇ ನೋಡಿದ. ಹೊಸ ಆಟಿಕೆಯ ಒಳಗೆ ಏನಿದೆ ಎಂದು ಮಕ್ಕಳು ತಿರುಗಿಸಿ ನೋಡುತ್ತವಲ್ಲ, ಹಾಗೆ.

ಅಲ್ಲಿಂದ ಮುಂದೆ ಅವನ ಅಂಗೈ ಆಗಾಗ ಬೆವರಿತು. ಊಟ ತಡವಾದರೆ ಬೆವರಿತು. ಹಾದುಹೋದವರು ಮಾತಾಡಿಸದಿದ್ದರೆ ಬೆವರಿತು. ಜನ ಬೇಗ ಕಲಿತರು. ಬಯಲಿಗೆ ಬಂದಾಗ ಚಪ್ಪಲಿ ಬಿಡತೊಡಗಿದರು. ಯಾರೂ ಹೇಳಿರಲಿಲ್ಲ. ಒಮ್ಮೆ ಗಂಜಿ ಒಯ್ದಾಗ ಅವನು ಒಬ್ಬನೇ ನಗುತ್ತಿದ್ದ. ಕತ್ತಲಲ್ಲಿ ಹಲ್ಲು ಕಂಡವು. "ಏನೋ?" ಎಂದೆ. "ಒಮ್ಮೆ ಪೂರಾ ಬಿಟ್ಟಬಿಟ್ರ ಇವ್ರು ಹೆಂಗ ಓಡ್ತಾರಂತ ನೆನಸ್ಕೊಂಡ್ನೆ," ಎಂದ.

ನನ್ನ ತಮ್ಮ ಕೈಜಾರುತ್ತಿದ್ದಾನೆ ಎಂದು ನನಗೆ ಅವತ್ತು ತಿಳಿಯಿತು. ಅವನಿಗೆ ಒಂದು ನಿದ್ದೆ ಬೇಕಿತ್ತು. ಒಂದೇ ಒಂದು. ಅವ್ವನ ಮುಖ ನೋಡಿಕೊಂಡು ಎದ್ದರೆ ಮತ್ತೆ ನನ್ನ ಯಮನೂರನಾಗುತ್ತಿದ್ದ, ಹಾಗೆಂದು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ.

ಮನೆಗೆ ಬಂದು ಮೂಲೆಯಲ್ಲಿದ್ದ ಅವ್ವನ ಉಳಿಯನ್ನು ಒರೆಸುತ್ತ ಕೂತಿದ್ದೆ. ಅದರ ತಲೆಗೆ ಸುತ್ತಿಗೆ ಸುಮ್ಮನೆ ತಾಗಿತು. ಟಿಣ್. ಆಗ ಹೊಳೆಯಿತು. ಯಮನೂರ ಕೂಸಾಗಿದ್ದಾಗ ಅವ್ವ ಅವನನ್ನು ಗಣಿಯೊಳಗೇ ತೊಟ್ಟಿಲು ಕಟ್ಟಿ ಮಲಗಿಸುತ್ತಿದ್ದಳು. ಸುತ್ತ ಉಳಿಗಳ ಸದ್ದು. ಊಟದ ಹೊತ್ತಿಗೆ ಎಲ್ಲರೂ ಕೆಲಸ ನಿಲ್ಲಿಸಿದರೆ ಸಾಕು, ಕೂಸು ಬೆಚ್ಚಿ ಎದ್ದು ಅಳುತ್ತಿತ್ತು. ಅವ್ವ ಒಂದು ಕೈಯಲ್ಲಿ ರೊಟ್ಟಿ ಹಿಡಿದು ಇನ್ನೊಂದು ಕೈಯಲ್ಲಿ ಬರಿಗಲ್ಲಿಗೆ ಸುತ್ತಿಗೆ ತಟ್ಟುತ್ತ ಕೂರುತ್ತಿದ್ದಳು. ಸದ್ದಿನಲ್ಲಿ ಹುಟ್ಟಿದ ನಿದ್ದೆ ಅವನದು. ನಾವು ಊರೆಲ್ಲ ಸೇರಿ ಅವನ ಸುತ್ತ ನಿಶ್ಶಬ್ದ ಕಟ್ಟಿ, ನಿದ್ದೆ ಇಲ್ಲದವನೆಂದು ಹೆಸರಿಟ್ಟಿದ್ದೆವು.

ಮನೆಮನೆಗೆ ಹೋದೆ. "ಒಂದು ಇರುಳು ಹಿಡೀರಿ. ಹನ್ನೆರಡು ಜನ ಬಂದ್ರ ಸಾಕು. ನಾ ಉಳಿ ತಟ್ಟತೀನಿ, ಸದ್ದು ಕೇಳಿದ ಕೂಡ್ಲೆ ಬರ್ರಿ. ನನ್ನ ತಮ್ಮ ಮಲಗ್ಲಿ."

"ಅಯ್ಯ, ಬರೂದಿಲ್ಲೇನು? ಬರ್ತೀವಿ ತಗೊ ಫಕೀರವ್ವಾ."

"ನಮಗೇನು ಕರುಣಾ ಇಲ್ಲೇನು? ಸದ್ದು ಕೇಳಿದ್ರ ಸಾಕು, ಎದ್ದ ಬರ್ತೀನಿ."

"ಸದ್ದು ಮಾಡ್ತೀಯಾ?" ಎಂದು ಗದಿಗೆಪ್ಪ ಮಾತ್ರ ಕೇಳಿದ. "ಕತ್ತಲದಾಗ?"

"ಒಂದು ದಿನ."

ಅವನು ಬೊಬ್ಬೆಯ ಕಲೆ ಸವರಿಕೊಂಡು, "ಆತು, ಬರ್ತೀನಿ," ಎಂದ. ಪಾರವ್ವ ತೊಡೆಯ ಮೇಲಿನ ಕೂಸನ್ನು ತಟ್ಟುತ್ತ, "ಮೊದಲ ನಾನ ಬರ್ತೀನಿ ಯಕ್ಕಾ. ಅವಂದು ನನ್ನ ಮ್ಯಾಲೆ ಋಣ ಭಾಳ ಐತಿ," ಎಂದಳು. ಮುತ್ಯಾ ನನ್ನ ಅಂಗೈ ಒತ್ತಿ ನೋಡಿದ. ನಾನು ದಿನಾ ಬೀಸುಕಲ್ಲು ತಿರುವುತ್ತಿದ್ದೆ, ಜಡ್ಡು ಹೋಗಿರಲಿಲ್ಲ. "ಇದು ಕೈ," ಎಂದ, ಅಷ್ಟೇ.

ಅಂದು ಯಮನೂರ ಕತ್ತಲು ಎಳೆದ ಮೇಲೆ ಹೋಗಿ ಅವನ ಬೆನ್ನ ಹಿಂದೆ ಕೂತೆ. ಮಡಿಲಲ್ಲಿ ಉಳಿ, ಸುತ್ತಿಗೆ, ಗಣಿಯಿಂದ ತಂದ ಕಲ್ಲು. ತಟ್ಟಿದೆ. ಟಿಣ್. ಟಿಣ್. "ಯಕ್ಕಾ, ಬ್ಯಾಡ," ಎಂದ. ದನಿ ಆಗಲೇ ದಪ್ಪವಾಗಿತ್ತು. "ಮಂದಿ ಏಳ್ತಾರ."

"ಏಳ್ಲಿ. ಹಗ್ಗ ಹಿಡಿಯಾಕ ಬರಾಕತ್ತಾರ ಎಲ್ಲಾರೂ. ನೀ ಮಲಗು."

"ಖರೇನ?"

"ಖರೇನ."

ಅವನು ನನ್ನ ತೊಡೆಯ ಮೇಲೆ ತಲೆ ಇಟ್ಟ. ನಾನು ಅವ್ವನ ಲಯದಲ್ಲೇ ತಟ್ಟುತ್ತಿದ್ದೆ, ಎರಡು ಗಟ್ಟಿ, ಒಂದು ಮೆಲ್ಲಗೆ. ಅವನ ಬಾಯಿ ನಿಧಾನವಾಗಿ ತೆರೆದುಕೊಂಡಿತು. ಕಣ್ಣ ಅಂಚಿನ ಬಿಗಿ ಬಿಚ್ಚಿತು. ಬೆರಳುಗಳು ಒಂದೊಂದಾಗಿ ಹಗ್ಗ ಬಿಟ್ಟವು. ಉಳಿ ಬಿಸಾಕಿ ನಾನು ಎರಡೂ ಕೈಯಿಂದ ಹಗ್ಗಕ್ಕೆ ಬಿದ್ದೆ.

ಅಷ್ಟು ಭಾರವನ್ನು ನಾನು ಮರೆತಿದ್ದೆ. ಹಿಮ್ಮಡಿ ನೆಲದಲ್ಲಿ ಹೂತು ನಿಂತೆ. ಆದರೂ ಹಗ್ಗ ಹಿಂದಕ್ಕೆ ಸರಿಯತೊಡಗಿತು. ಪಡುವಣದ ಓಣಿಯ ಮೇಲಿಂದ ಕತ್ತಲು ಸರಿಯಿತು. ಬಿಸಿಲು ಮಾಳಿಗೆಗಳ ಮೇಲೆ ನಡೆದು ಬಂತು. ಮುತ್ಯಾ ಓಡಿಬಂದು ನನ್ನ ಹಿಂದೆ ಹಗ್ಗ ಹಿಡಿದ. ಅವನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಕತ್ತಲು ಊರ ನಡುವೆ ನಿಂತಿತು. ಅರ್ಧ ಊರಿಗೆ ಇರುಳು, ಅರ್ಧ ಊರಿಗೆ ಬೆಂಕಿ. ಬೆಂಕಿಯ ಕಡೆಯವರೆಲ್ಲ ಚಾದರ ಹೊದ್ದುಕೊಂಡು ಬಯಲಿಗೆ ಓಡಿಬಂದರು.

"ಹಿಡೀರಿ!" ಎಂದು ಕೂಗಿದೆ. "ಹತ್ತು ಮಂದಿ ಸಾಕು! ಹಿಡೀರಿ!"

ಅವರು ಹಗ್ಗದ ಕಡೆ ನೋಡಿದರು. ಆಮೇಲೆ ತಮ್ಮ ಅಂಗೈ ನೋಡಿಕೊಂಡರು. ನಾನು ಕಂಡಿದ್ದೇನೆ. ಕೈಗಳನ್ನು ತೆರೆದು, ಯಾರದೋ ಕೈ ಎಂಬಂತೆ ನೋಡಿಕೊಂಡರು. ಗದಿಗೆಪ್ಪ ಒಂದು ಹೆಜ್ಜೆ ಮುಂದೆ ಬಂದು ಹಗ್ಗ ಮುಟ್ಟಿ, ಕೆಂಡ ಮುಟ್ಟಿದವನಂತೆ ಕೈ ಹಿಂತೆಗೆದ. "ಇದು ನಮಗ ನಿಲ್ಲೂದಿಲ್ಲ ಯವ್ವಾ," ಎಂದ. "ಅವ್ರನ್ನ ಎಬ್ಬಸ್ರಿ."

"ಬ್ಯಾಡ್ರೋ! ಇನ್ನೊಂದೀಟು ಹೊತ್ತು!"

"ಯಮನೂರಪ್ಪಾ! ಏಳ್ರೀ ಎಪ್ಪಾ!"

ಎಲ್ಲರೂ ಸುತ್ತ ನೆರೆದು ಕೂಗಿದರು, ಯಾರಿಗೂ ಮುಟ್ಟುವ ಧೈರ್ಯವಿರಲಿಲ್ಲ. ಆ ಗದ್ದಲವೇ ಜೋಗುಳವಾದಂತೆ ನನ್ನ ತಮ್ಮ ನೆಲದ ಮೇಲೆ ಕಾಲು ಮಡಚಿಕೊಂಡು ಮಲಗಿದ್ದ. ತುಟಿ ಅಲುಗುತ್ತಿತ್ತು. ನಗುತ್ತಿದ್ದನೇನೋ. ಆಗ ಪಾರವ್ವ ಕೂಸನ್ನು ಎದೆಗೆ ಅವಚಿಕೊಂಡು ಜನರನ್ನು ಸರಿಸಿ ಬಂದಳು. ಬಿಸಿಲು ಅವಳ ಮನೆಯನ್ನು ದಾಟಿತ್ತು, ಕೂಸಿನ ಕಾಲು ಕೆಂಪಗೆ ಸುಟ್ಟಿತ್ತು. ಅವಳು ಕೂತು ಅವನ ಹೆಗಲು ಹಿಡಿದು ಅಲುಗಾಡಿಸಿದಳು. "ಏಳೋ ತಮ್ಮಾ. ನನ್ನ ಕೂಸು ಸಾಯ್ತೈತೋ. ಏಳೋ."

ಅವನು ಕಣ್ಣು ತೆರೆದ.

ಕೆಲ ಹೊತ್ತು ಅವನಿಗೆ ನಾವು ಯಾರೂ ಕಾಣಲಿಲ್ಲ. ನಮ್ಮ ಹಿಂದೆ ಇನ್ನಾರನ್ನೋ ಹುಡುಕುತ್ತಿದ್ದ. ಆಮೇಲೆ ಎದ್ದು ಬಂದು ನನ್ನ ಕೈಯಿಂದ ಹಗ್ಗ ತೆಗೆದುಕೊಂಡ, ಮಕ್ಕಳ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ, ಮೆಲ್ಲಗೆ. ಒಂದು ಜಗ್ಗು. ಇರುಳು ಊರ ಮೇಲೆ ದಬಕ್ಕನೆ ಬಿತ್ತು. ಜನ ನಿಟ್ಟುಸಿರು ಬಿಟ್ಟರು. ಕೆಲವರು ಅವನ ಕಾಲಿಗೆ ಬಿದ್ದರು.

"ಯಕ್ಕಾ, ಅವ್ವ ಬಂದಿದ್ಲು," ಎಂದ ನನಗೆ. "ಬೆನ್ನು ಮಾಡಿ ನಿಂತಿದ್ಲು. ಅವ್ವಾ ಅಂದೆ. ಹೊಳ್ಳಾಕ ಹತ್ತಿದ್ಲು. ಕಿವಿ ಕಂಡ್ತು. ಗಲ್ಲ ಕಂಡ್ತು."

ನಾನು ಸುಲಿದ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡೆ.

"ಎಬ್ಬಿಸಿದವ್ರು ಯಾರು?" ಅವನ ದನಿ ಶಾಂತವಾಗಿತ್ತು.

"ತಪ್ಪು ನಂದೋ. ಮಲಗಿಸಿದಾಕಿ ನಾನು."

"ನೀ ಮಲಗಿಸ್ದಿ. ಅದು ನನಗ ಗೊತ್ತೈತಿ. ಎಬ್ಬಿಸಿದವ್ರು ಯಾರು?" ಮಣಿಕಟ್ಟು ಒಂದಿಷ್ಟು ಸಡಿಲವಾಯಿತು. ಪಡುವಣದ ಅಂಚಿನಲ್ಲಿ ಬೆಳಕಿನ ಒಂದು ಗೆರೆ ಕಾಣಿಸಿಕೊಂಡಿತು.

ಆಗ ಹಗ್ಗಕ್ಕೆ ಬಾರದ ಕೈಗಳೆಲ್ಲ ಮೇಲೆದ್ದವು. ಒಂದೂ ಹಿಂದುಳಿಯಲಿಲ್ಲ. ಎಲ್ಲ ಬೆರಳುಗಳೂ ಪಾರವ್ವನ ಕಡೆ ಇದ್ದವು.

ಅವಳು ಅಳಲಿಲ್ಲ, ಬೇಡಲಿಲ್ಲ. ಬೇಡಿದರೆ ಗೆರೆ ಅಗಲವಾಗುತ್ತದೆಂದು ಅವಳಿಗೆ ತಿಳಿದಿತ್ತು, ಕೂಸಿಗೆ ನೆರಳು ಬೇಕಿತ್ತು. ಎದ್ದು ಬಂದು ಕೂಸನ್ನು ನನ್ನ ಸುಲಿದ ಅಂಗೈಗಳ ಮೇಲೆ ಇಟ್ಟಳು. "ಹಾಲು ಇಲ್ಲದಿದ್ರ ಅಂಬಲಿ ಸೋಸಿ ಹಾಕು," ಎಂದಳು. ಪಡುವಣ ಗುಡ್ಡದ ದಾರಿ ಹಿಡಿದು ನಡೆದಳು. ಮುತ್ಯಾ ಒಬ್ಬನೇ, "ಏ ಯಮನೂರ್ಯಾ, ಕರಿಯೋ ಆಕಿನ್ನ, ನಿನ್ನ ಪಾರಕ್ಕ ಅಲ್ಲೇನೋ," ಎಂದು ಅವನ ಮುಂದೆ ಮೊಣಕಾಲೂರಿದ. ಯಮನೂರ ಅವನ ತಲೆಯ ಮೇಲಿಂದ ಅವಳು ಹೋಗುವುದನ್ನು ನೋಡುತ್ತಿದ್ದ. ಅವಳು ಕತ್ತಲಿನ ಅಂಚು ದಾಟುವವರೆಗೆ ನೋಡಿದ. ಆಮೇಲೆ, "ಹೊಳ್ಳಿ ನೋಡ್ಲೇ ಇಲ್ಲ," ಎಂದ. ಯಾರ ಬಗ್ಗೆ ಹೇಳಿದನೋ.

ಅವತ್ತಿನಿಂದ ಅವನಿಗೆ ಒಡೆಯ ಎನ್ನುತ್ತಾರೆ. ಇರುಳು ಈಗ ಅವನು ಕೊಟ್ಟಷ್ಟು. ಒಮ್ಮೊಮ್ಮೆ ರೊಟ್ಟಿ ಬೇಯುವಷ್ಟು ಹೊತ್ತು ಮಾತ್ರ ಕೊಡುತ್ತಾನೆ, ಜನರ ಕಣ್ಣು ಅಂಟಿಕೊಳ್ಳುವ ಹೊತ್ತಿಗೆ ಸರಿಯಾಗಿ ಕಿತ್ತುಕೊಳ್ಳುತ್ತಾನೆ. ಯಾರಿಗೂ ಕನಸು ಬೀಳುವಷ್ಟು ಉದ್ದ ಬಿಡುವುದಿಲ್ಲ. ಬಯಲಿನ ನಡುವೆ ಅವನಿಗೊಂದು ಕಲ್ಲಿನ ಕಟ್ಟೆ ಎದ್ದಿದೆ, ಗದಿಗೆಪ್ಪನೇ ಮುಂದೆ ನಿಂತು ಕಟ್ಟಿಸಿದ. ಕೈ ನೋಡಲು ಮುತ್ಯಾ ಮತ್ತೆ ಮನೆಮನೆಗೆ ಹೋಗುವ ಹಾಗೆ ಒಡೆಯ ಅಪ್ಪಣೆ ಕೊಟ್ಟಿದ್ದಾನೆ. ಜಡ್ಡು ಕಂಡರೆ ಹೇಳಬೇಕು. ಜಡ್ಡು ಇದ್ದವರು ಪಡುವಣಕ್ಕೆ ನಡೆಯಬೇಕು. ಮುತ್ಯಾ ಎಲ್ಲರ ಅಂಗೈ ಒತ್ತಿ ನೋಡುತ್ತಾನೆ, ಬಂದು ಎಲ್ಲರದೂ ಮೆತ್ತಗಿವೆ ಎನ್ನುತ್ತಾನೆ. ಇಲ್ಲಿಯವರೆಗೆ ಅದು ನಿಜವೇ.

ನನ್ನ ಅಂಗೈಯ ಮಾತನ್ನು ಯಾರೂ ಎತ್ತುವುದಿಲ್ಲ. ನನ್ನನ್ನು ಪ್ರತಿ ಇರುಳೂ ಕಟ್ಟೆಗೆ ಕರೆಸುತ್ತಾನೆ. "ತಟ್ಟು," ಎನ್ನುತ್ತಾನೆ. ನಾನು ಅವ್ವನ ಉಳಿ ಹಿಡಿದು ಕೂರುತ್ತೇನೆ. ಎರಡು ಗಟ್ಟಿ, ಒಂದು ಮೆಲ್ಲಗೆ. ಮನೆಮನೆಯೊಳಗೆ ಜನ ಉಸಿರು ಬಿಗಿಹಿಡಿದು ಕೇಳುತ್ತಿರುತ್ತಾರೆಂದು ನನಗೆ ಗೊತ್ತು. ಅವನಿಗೆ ನಿದ್ದೆ ಹತ್ತದಿರಲಿ ಎಂದು ಕಂಡ ಕಂಡ ದೇವರಿಗೆ ಹರಕೆ ಹೊರುತ್ತಿರುತ್ತಾರೆ. ಅವನು ಹಗ್ಗ ಹಿಡಿದು ಕಣ್ಣು ಮುಚ್ಚುತ್ತಾನೆ, ತೆರೆಯುತ್ತಾನೆ. ಮತ್ತೆ ಮುಚ್ಚುತ್ತಾನೆ. "ಬರವಲ್ದು," ಎನ್ನುತ್ತಾನೆ. "ತಟ್ಟು."

ಇಡೀ ಊರಿನಲ್ಲಿ ಆ ಹೊತ್ತಿಗೆ ನಿದ್ದೆ ಮಾಡುವುದು ಒಂದೇ ಜೀವ. ನನ್ನ ಮಗ್ಗುಲಲ್ಲಿ ಪಾರವ್ವನ ಹೆಣ್ಣು ಕೂಸು, ಸುಟ್ಟ ಕಾಲನ್ನು ನನ್ನ ತೊಡೆಗೆ ಒತ್ತಿಕೊಂಡು, ಬಾಯಿ ತೆರೆದುಕೊಂಡು. ಅವಳಿಗೆ ಈ ಸದ್ದು ಬೇಕೇಬೇಕು. ಕೈ ನೊಂದು ನಾನು ಸ್ವಲ್ಪ ನಿಲ್ಲಿಸಿದರೂ ಬೆಚ್ಚಿ ಏಳುತ್ತಾಳೆ. ಯಮನೂರ ಅವಳನ್ನೇ ನೋಡುತ್ತ ಕೂತಿರುತ್ತಾನೆ.

ನಾನು ನಿಲ್ಲಿಸುವುದಿಲ್ಲ.